ಸೊಂಟಕ್ಕೆ ಸೂಜಿ ಹಾಕಿದರೆ ಬೆನ್ನುಹುರಿಗೆ ತಾಗುವುದಿಲ್ಲವೇ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ

ಗಿರಿನಗರದ ಸುಮಾ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 71 ವರ್ಷ. ಈಚೆಗೆ ನಡಿಗೆ ತುಂಬಾ ಕೆಟ್ಟಿದೆ. ಹೆಜ್ಜೆ ಎತ್ತಿ ಇಡಲ್ಲ, ಕಾಲು ಎಳ್ಕೊಂಡು ಪುಟ್ಟ ಪುಟ್ಟ ಹೆಜ್ಜೆ ಹಾಕ್ತಾರೆ, ತಿರುಗುವಾಗ ಬೀಳೋ ಹಾಗಾಗುತ್ತೆ. ಮರೆವು ಶುರುವಾಗಿದೆ. ಬಚ್ಚಲಿಗೆ ಹೋಗೋವರೆಗೂ ತಡ್ಕೊಳ್ಳೋಕೆ ಆಗ್ತಿಲ್ಲ. ವಯಸ್ಸಾಯ್ತು ಅಂದ್ಕೊಂಡು ಸುಮ್ಮನಿದ್ವಿ. ನರರೋಗದ ಡಾಕ್ಟರು ಎಂಆರ್‌ಐ ನೋಡಿ, ಮೆದುಳಿನ ಒಳಗಿನ ನೀರಿನ ಕೋಣೆಗಳು ಹಿಗ್ಗಿವೆ, ಸೊಂಟದ ಹತ್ತಿರ ಸೂಜಿ ಹಾಕಿ ಸ್ವಲ್ಪ ನೀರು ತೆಗೆದು ನಡಿಗೆ ಸುಧಾರಿಸುತ್ತಾ ಅಂತ ನೋಡೋಣ ಅಂದ್ರು.

ಮನೆಯಲ್ಲಿ ಈಗ ದೊಡ್ಡ ಗಲಾಟೆ. ಸೋದರಮಾವ ಬೇಡವೇ ಬೇಡ ಅಂತಾರೆ. ಬೆನ್ನಿಗೆ ಸೂಜಿ ಹಾಕಿದ್ರೆ ಬೆನ್ನುಹುರಿ ತೂತಾಗಿ ಎರಡೂ ಕಾಲು ಸ್ವಾಧೀನ ಹೋಗುತ್ತೆ ಅನ್ನೋದು ಅವರ ಮಾತು. ಅಮ್ಮ ಅದನ್ನ ಕೇಳಿಸ್ಕೊಂಡು ಊಟ ಬಿಟ್ಟಿದ್ದಾರೆ. ನನಗೆ ಎರಡು ವಿಷಯ ಅರ್ಥ ಆಗಬೇಕು. ನೀರು ಇರೋದು ತಲೆಯಲ್ಲಿ, ತೆಗೆಯೋದು ಸೊಂಟದಲ್ಲಿ, ಇದು ಹೇಗೆ? ಸೂಜಿ ಹೋಗೋ ಜಾಗದಲ್ಲಿ ಬೆನ್ನುಹುರಿ ಇರಲ್ವಾ?

ಚಾಮರಾಜಪೇಟೆ ಮೇಷ್ಟ್ರು

ಸುಮಾ ಅವರೇ, ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುವವನು ನಾನು. ಚಿಕಿತ್ಸೆಯ ಬಗ್ಗೆ ಮಾತಾಡುವುದಿಲ್ಲ, ರಚನೆಯ ಬಗ್ಗೆ ಹೇಳುತ್ತೇನೆ. ನಿಮ್ಮ ಎರಡನೇ ಪ್ರಶ್ನೆಯೇ ಮೊದಲು. ಮನೆಯಲ್ಲಿ ಭಯ ಹುಟ್ಟಿಸಿರುವುದು ಅದೇ.

ಬೆನ್ನುಮೂಳೆ ಬೇರೆ, ಬೆನ್ನುಹುರಿ ಬೇರೆ. ಮೂಳೆಗಳ ಸಾಲು ಕತ್ತಿನಿಂದ ಬಾಲಮೂಳೆಯ ತನಕ ಇದೆ. ಕತ್ತಿನಲ್ಲಿ 7, ಪಕ್ಕೆಲುಬು ಕೂಡಿಕೊಳ್ಳುವ ಎದೆಭಾಗದಲ್ಲಿ 12, ಸೊಂಟದಲ್ಲಿ 5, ಅದರ ಕೆಳಗೆ 5 ಮೂಳೆ ಬೆಸೆದುಕೊಂಡ ತ್ರಿಕಾಸ್ಥಿ, ಕೊನೆಗೆ ಪುಟ್ಟ ಬಾಲಮೂಳೆ. ಈ ಮೂಳೆಗಳ ನಡುವಿನ ಕೊಳವೆಯೊಳಗೆ ಬೆನ್ನುಹುರಿ ಇಳಿಯುತ್ತದೆ. ಆದರೆ ಕೊನೆಯವರೆಗೂ ಇಳಿಯುವುದಿಲ್ಲ. ದೊಡ್ಡವರಲ್ಲಿ ಅದರ ಉದ್ದ ಸುಮಾರು 42ರಿಂದ 45 ಸೆಂ.ಮೀ. ಅಷ್ಟೆ. ಸೊಂಟದ ಒಂದನೇ ಮತ್ತು ಎರಡನೇ ಮೂಳೆಯ ಮಟ್ಟಕ್ಕೆ ಬಂದಾಗ ಚೂಪಾಗಿ ಮುಗಿಯುತ್ತದೆ. ಕೆಲವರಲ್ಲಿ ಒಂದು ಮೂಳೆಯಷ್ಟು ಮೇಲೋ ಕೆಳಗೋ ಇರಬಹುದು. ಸೂಜಿ ಹಾಕುವುದು ಮೂರನೇ–ನಾಲ್ಕನೇ ಮೂಳೆಯ ನಡುವೆ, ಇಲ್ಲವೇ ನಾಲ್ಕನೇ–ಐದನೆಯದರ ನಡುವೆ. ಅಲ್ಲಿ ಹುರಿಯೇ ಇಲ್ಲ.

ಯಾಕೆ ಇಲ್ಲ ಅನ್ನುವುದು ಕೇಳಬೇಕಾದ ವಿಷಯ. ಮಗು ಹೊಟ್ಟೆಯಲ್ಲಿ ಮೂರು ತಿಂಗಳಿನದಾಗಿದ್ದಾಗ ಹುರಿ ಕೊಳವೆಯ ತುದಿಯ ತನಕ ತುಂಬಿಕೊಂಡಿರುತ್ತದೆ. ಆಮೇಲೆ ಮೂಳೆಗಳು ಬೇಗ ಬೇಗ ಉದ್ದವಾಗುತ್ತವೆ, ಹುರಿ ಅಷ್ಟು ವೇಗವಾಗಿ ಬೆಳೆಯುವುದಿಲ್ಲ. ಹುಟ್ಟುವ ಹೊತ್ತಿಗೆ ಹುರಿಯ ತುದಿ ಸೊಂಟದ ಮೂರನೇ ಮೂಳೆಯ ಆಸುಪಾಸಿಗೆ ಬಂದಿರುತ್ತದೆ, ಮುಂದೆ ಇನ್ನೂ ಮೇಲೆ ಉಳಿದುಬಿಡುತ್ತದೆ. ಅದಕ್ಕೇ ಎಳೆಗೂಸಿಗೆ ಸೂಜಿ ಹಾಕುವಾಗ ಇನ್ನಷ್ಟು ಕೆಳಗಿನ ಸಂದನ್ನೇ ಆರಿಸಿಕೊಳ್ಳುತ್ತಾರೆ.

ಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ. ಪ್ರತಿ ಜೊತೆಗೂ ಮೂಳೆಗಳ ನಡುವೆ ತನ್ನದೇ ಕಿಂಡಿ. ಹುರಿ ಮೇಲೆಯೇ ನಿಂತುಬಿಟ್ಟಿತು, ಕೆಳಗಿನ ನರಗಳ ಕಿಂಡಿಗಳು ಮಾತ್ರ ಮೂಳೆಯ ಜೊತೆ ಕೆಳಗೆ ಹೋದವು. ಹಾಗಾಗಿ ಆ ನರಗಳು ಉದ್ದುದ್ದ ಎಳೆಗಳಾಗಿ ಕೊಳವೆಯೊಳಗೆ ಇಳಿದುಕೊಂಡೇ ಹೋಗಬೇಕು. ಆ ಎಳೆಗಳ ಗೊಂಚಲಿಗೆ ವೈದ್ಯರು ಕಾಡಾ ಇಕ್ವೈನಾ, ಅಂದರೆ ಕುದುರೆಬಾಲ ಅನ್ನುತ್ತಾರೆ. ಅವು ದ್ರವದಲ್ಲಿ ತೇಲುತ್ತಿರುತ್ತವೆ. ನೀರಿನಲ್ಲಿ ತೇಲುವ ಬೆಂದ ಶಾವಿಗೆಯೊಳಗೆ ಕಡ್ಡಿ ಇಳಿಸಿದರೆ ಎಳೆಗಳು ಆಚೀಚೆ ಸರಿದು ದಾರಿ ಬಿಡುವುದಿಲ್ಲವೇ, ಇಲ್ಲಿಯೂ ಹಾಗೆಯೇ. ಸೂಜಿಯ ತುದಿ ಒಂದು ಎಳೆಗೆ ತಾಗಿದರೆ ಕಾಲಿಗೆ ಕ್ಷಣಕಾಲ ಝುಮ್ ಅನ್ನಬಹುದು. ತಾಯಿಯವರಿಗೆ ಅದನ್ನು ಮೊದಲೇ ಹೇಳಿಡಿ, ಇಲ್ಲದಿದ್ದರೆ ಮಾವ ಹೇಳಿದ್ದೇ ನಿಜವಾಯಿತು ಎಂದು ಗಾಬರಿಯಾಗುತ್ತಾರೆ.

ಓಟಿ ಸಿಸ್ಟರ್

ಮೇಷ್ಟ್ರು ಹೇಳಿದ್ದನ್ನ ನಾನು ದಿನಾ ನೋಡ್ತೀನಿ, ಅರಿವಳಿಕೆ ವಿಭಾಗದಲ್ಲಿ ನರ್ಸ್. ಸುಮಾ ಅವರೇ, ಅಲ್ಲಿ ಏನು ನಡೆಯುತ್ತೆ ಅಂತ ಹೇಳ್ತೀನಿ, ಅಮ್ಮಂಗೆ ಓದಿ ಹೇಳಿ.

ಒಂದು ಮಗ್ಗುಲಿಗೆ ಮಲಗಿಸಿ, ಮಂಡಿ ಎದೆ ಕಡೆ ಮಡಚಿಸಿ, ಗದ್ದ ಒಳಗೆ ತಗೊಳ್ಳೋಕೆ ಹೇಳ್ತಾರೆ. ಬೆನ್ನು ಬಾಗಿದಷ್ಟೂ ಮೂಳೆಗಳ ಸಂದು ತೆರ್ಕೊಳ್ಳುತ್ತೆ. ಡಾಕ್ಟರು ಎರಡೂ ಕಡೆ ಸೊಂಟದ ಎಲುಬಿನ ಮೇಲಂಚು ಮುಟ್ಟಿ ನೋಡ್ತಾರೆ. ಆ ಎರಡು ಅಂಚಿಗೆ ಅಡ್ಡಗೆರೆ ಎಳೆದ್ರೆ ಅದು ಸುಮಾರಾಗಿ ನಾಲ್ಕನೇ ಸೊಂಟಮೂಳೆ ಮೇಲೆ ಹಾಯುತ್ತೆ. ಲೆಕ್ಕ ಶುರುವಾಗೋದೇ ಅಲ್ಲಿಂದ. ಚರ್ಮ ಮರಗಟ್ಟೋಕೆ ಸಣ್ಣ ಸೂಜಿ ಕೊಡ್ತಾರೆ, ಅದು ಉರಿಯುತ್ತೆ. ಆಮೇಲಿನ ದೊಡ್ಡ ಸೂಜಿ ಒತ್ತಿದ ಹಾಗೆ ಅನ್ಸುತ್ತೆ ಅಷ್ಟೆ. ಚರ್ಮ, ಕೊಬ್ಬು, ಮೂಳೆಗಳನ್ನ ಬಿಗಿದಿರೋ ಅಸ್ಥಿರಜ್ಜುಗಳು, ಆಮೇಲೆ ಡ್ಯೂರಾ ಅನ್ನೋ ಗಟ್ಟಿ ಹೊದಿಕೆ, ಅದಕ್ಕೆ ಒತ್ತಿಕೊಂಡಂತೆ ಅರಾಕ್ನಾಯ್ಡ್ ಅನ್ನೋ ತೆಳು ಪೊರೆ. ಡ್ಯೂರಾ ದಾಟಿದಾಗ ಕೈಗೆ ಒಂದು ಸಣ್ಣ 'ಪಟ್' ಗೊತ್ತಾಗುತ್ತೆ ಅಂತಾರೆ ಡಾಕ್ಟರು. ಸೂಜಿಯೊಳಗಿನ ಕಡ್ಡಿ ಹೊರಗೆ ತೆಗೆದ್ರೆ ತಿಳಿ ದ್ರವ ಹನಿ ಹನಿಯಾಗಿ ಬರುತ್ತೆ.

ಅವರ ಹತ್ರ ತಪ್ಪದೆ ಹೇಳಬೇಕಾದ್ದು ಒಂದಿದೆ. ಅಮ್ಮ ಹೃದಯಕ್ಕೋ ಪಾರ್ಶ್ವವಾಯುವಿಗೋ ರಕ್ತ ತೆಳು ಮಾಡೋ ಮಾತ್ರೆ ತಗೋತಾರಾ? ತಗೋತಿದ್ರೆ ಮಾತ್ರೆ ಚೀಟಿ ಸಮೇತ ತೋರಿಸಿ. ಯಾವುದನ್ನ ನಿಲ್ಲಿಸಬೇಕು, ಎಷ್ಟು ದಿನ ಮುಂಚೆ ಅನ್ನೋದನ್ನ ಅವರೇ ಹೇಳಬೇಕು. ನೀವಾಗೇ ನಿಲ್ಲಿಸಬೇಡಿ.

ನಾಗರಭಾವಿ ಗೃಹಿಣಿ

ಸಿಸ್ಟರ್, ನಂಗೆ ಸಿಸೇರಿಯನ್ ಆದಾಗ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ರು. ಅವತ್ತಿಂದ ಬೆನ್ನುನೋವು ಅಂತ ನಮ್ಮತ್ತೆ, ನಾದಿನಿ ಎಲ್ಲಾ ಅದರ ಮೇಲೇ ಹಾಕ್ತಾರೆ. ಅದೂ ಇದೂ ಒಂದೇನಾ?

ಓಟಿ ಸಿಸ್ಟರ್

ಜಾಗ ಒಂದೇ, ಕೆಲಸ ಬೇರೆ. ಸುಮಾ ಅವರ ತಾಯಿಗೆ ದ್ರವ ಹೊರಗೆ ತೆಗೀತಾರೆ. ನಿಮಗೆ ಅದೇ ದ್ರವದೊಳಗೆ ಅರಿವಳಿಕೆ ಮದ್ದು ಬಿಟ್ಟಿರ್ತಾರೆ. ಅದು ನರಗಳ ಬುಡವನ್ನ ಕೆಲವು ಗಂಟೆ ಮಲಗಿಸುತ್ತೆ, ಆಮೇಲೆ ಇಳಿದುಹೋಗುತ್ತೆ. ಸೂಜಿ ಹೋದ ಜಾಗ ಕೆಲವು ದಿನ ನೋಯಬಹುದು. ವರ್ಷಗಟ್ಟಲೆ ಉಳಿಯೋ ನೋವಿಗೆ ಆ ಸೂಜಿ ಕಾರಣ ಅನ್ನೋದಕ್ಕೆ ಆಧಾರ ಸಿಕ್ಕಿಲ್ಲ. ಬಸಿರಲ್ಲಿ ಹೊಟ್ಟೆ ಸ್ನಾಯು ಸಡಿಲವಾಗುತ್ತೆ, ಬೆನ್ನಿನ ಬಾಗು ಬದಲಾಗುತ್ತೆ, ಹೆರಿಗೆ ಆದ್ಮೇಲೆ ಬಗ್ಗಿ ಮಗು ಎತ್ತೋದು, ಕೂತು ಹಾಲು ಕೊಡೋದು. ಬೆನ್ನುನೋವಿಗೆ ಇವೆಲ್ಲಾ ಸಾಕಾಗುತ್ತೆ. ಸಹಜ ಹೆರಿಗೆ ಆದ ಎಷ್ಟೋ ಜನಕ್ಕೂ ಇದೇ ನೋವಿದೆ. ಒಳ್ಳೆ ಫಿಸಿಯೋ ಹತ್ರ ತೋರಿಸ್ಕೊಳ್ಳಿ, ಸೂಜಿಯ ಕಾಲದ ನೋವು ಅಂತ ಸಹಿಸ್ಕೊಂಡು ಕೂರಬೇಡಿ.

ಸೂಜಿಯಿಂದ ನಿಜವಾಗಿ ಬರೋದು ತಲೆನೋವು. ಕೂತ್ರೆ ನಿಂತ್ರೆ ಜಾಸ್ತಿ, ಮಲಗಿದ್ರೆ ಕಡಿಮೆ. ತೂತಿನಿಂದ ದ್ರವ ಸ್ವಲ್ಪ ಸೋರಿ ಒಳಗಿನ ಒತ್ತಡ ಇಳಿಯೋದು ಕಾರಣ. ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ತಾನೇ ಹೋಗುತ್ತೆ, ಹೋಗದಿದ್ರೆ ಅದಕ್ಕೂ ಚಿಕಿತ್ಸೆ ಇದೆ.

ಚಾಮರಾಜಪೇಟೆ ಮೇಷ್ಟ್ರು

ಈ ತಲೆನೋವಿಗೆ ಚರಿತ್ರೆಯೂ ಇದೆ. ಸೊಂಟದಿಂದ ದ್ರವ ತೆಗೆಯುವ ಕ್ರಮವನ್ನು ಜರ್ಮನಿಯ ಹೈನ್ರಿಶ್ ಕ್ವಿಂಕೆ 1891ರಲ್ಲಿ ಜಗತ್ತಿಗೆ ತಿಳಿಸಿದ. ತಲೆಯಲ್ಲಿ ದ್ರವ ತುಂಬಿ ನರಳುತ್ತಿದ್ದವರ ಒತ್ತಡ ಇಳಿಸುವುದೇ ಅವನ ಉದ್ದೇಶವಾಗಿತ್ತು. 1898ರಲ್ಲಿ ಆಗಸ್ಟ್ ಬಿಯರ್ ಅದೇ ದಾರಿಯಲ್ಲಿ ಕೊಕೇನ್ ಬಿಟ್ಟು ಕೆಳಮೈ ಮರಗಟ್ಟಿಸಿದ. ತನ್ನ ಬೆನ್ನಿಗೂ ಸೂಜಿ ಹಾಕಿಸಿಕೊಂಡ, ಆಮೇಲೆ ದಿನಗಟ್ಟಲೆ ತಲೆನೋವಿನಿಂದ ಮಲಗಿದ. ಸಿಸ್ಟರ್ ಹೇಳಿದ ತಲೆನೋವಿನ ಮೊದಲ ವಿವರಣೆಗಳಲ್ಲಿ ಅವನದೂ ಒಂದು.

ಗಿರಿನಗರದ ಸುಮಾ

ತುಂಬಾ ಥ್ಯಾಂಕ್ಸ್. ಮೇಷ್ಟ್ರು ಬರೆದಿದ್ದನ್ನ ಅಮ್ಮಂಗೆ ಪೂರ್ತಿ ಓದಿ ಹೇಳ್ದೆ. ಈಗ ಅಮ್ಮನದೇ ಒಂದು ಪ್ರಶ್ನೆ. ತಲೆಯಲ್ಲಿ ನೀರು ಯಾಕಿದೆ, ಅದನ್ನ ತೆಗೆದುಬಿಟ್ರೆ ಮೆದುಳು ಒಣಗಲ್ವಾ ಅಂತಾರೆ.

ಅನಾಟಮಿ ಹುಚ್ಚು

ಅಮ್ಮನ ಪ್ರಶ್ನೆ ತುಂಬಾ ಚೆನ್ನಾಗಿದೆ. ಎಂಬಿಬಿಎಸ್ ಓದ್ತಿದ್ದೀನಿ, ಮೆದುಳಿನ ಡಿಸೆಕ್ಷನ್ ಮುಗಿದಿದೆ, ನನ್ನ ಇಷ್ಟದ ಅಧ್ಯಾಯವೇ ಇದು. ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೆದುಳು ಗಟ್ಟಿ ಉಂಡೆಯಲ್ಲ. ಒಳಗೆ ನಾಲ್ಕು ಕೋಣೆಗಳಿವೆ, ವೆಂಟ್ರಿಕಲ್ ಅಂತೀವಿ. ಎಡ ಬಲ ಅರ್ಧಗೋಳಗಳಲ್ಲಿ ಒಂದೊಂದು ದೊಡ್ಡ ಕೋಣೆ. ಅವೆರಡೂ ನಡುವಿನ ಮೂರನೇ ಕೋಣೆಗೆ ತೆರ್ಕೊಳ್ಳುತ್ತವೆ. ಅಲ್ಲಿಂದ ತೀರಾ ಕಿರಿದಾದ ಒಂದು ನಾಳ ಕೆಳಗಿಳಿದು ನಾಲ್ಕನೇ ಕೋಣೆಗೆ ಸೇರುತ್ತೆ. ನಾಲ್ಕನೆಯದು ಮುಂದಿರೋ ಮೆದುಳುಕಾಂಡಕ್ಕೂ ಹಿಂದಿರೋ ಕಿರುಮೆದುಳಿಗೂ ನಡುವೆ. ಅದರ ಗೋಡೆಯಲ್ಲಿ ಮೂರು ಸಣ್ಣ ಕಿಂಡಿಗಳು. ದ್ರವ ಅಲ್ಲಿಂದ ಹೊರಗೆ ಬಂದು ಮೆದುಳಿನ ಸುತ್ತ, ಬೆನ್ನುಹುರಿಯ ಸುತ್ತ, ಹುರಿ ಮುಗಿದ ಮೇಲೂ ತ್ರಿಕಾಸ್ಥಿಯ ಎರಡನೇ ಮೂಳೆ ಮಟ್ಟದ ತನಕ ತುಂಬಿಕೊಂಡಿರುತ್ತೆ. ಸುಮಾ ಅಕ್ಕ, ನಿಮ್ಮ ಮೊದಲನೇ ಪ್ರಶ್ನೆಗೆ ಇದೇ ಉತ್ತರ. ತಲೆಯ ನೀರು ಸೊಂಟದ ನೀರು ಒಂದೇ, ಎಲ್ಲೂ ತಡೆಯಿಲ್ಲ. ಹುರಿ ಮುಗಿದು ದ್ರವ ಮಾತ್ರ ಉಳಿದಿರೋ ಜಾಗ ಸೊಂಟದ ಕೆಳಭಾಗ. ಅದಕ್ಕೇ ಅಲ್ಲಿ ತೆಗೀತಾರೆ.

ಒಣಗೋ ಮಾತೇ ಇಲ್ಲ. ಒಟ್ಟು ದ್ರವ ಇರೋದು ಸುಮಾರು 150 ಮಿ.ಲೀ. ಕೋಣೆಗಳೊಳಗಿನ ಕೋರಾಯ್ಡ್ ಪ್ಲೆಕ್ಸಸ್ ಅನ್ನೋ ರಕ್ತನಾಳದ ಗೊಂಚಲು ದಿನಕ್ಕೆ ಸುಮಾರು 500 ಮಿ.ಲೀ. ತಯಾರು ಮಾಡುತ್ತೆ. ಅಂದ್ರೆ ದಿನಕ್ಕೆ ಮೂರು ಸಲಕ್ಕೂ ಹೆಚ್ಚು ಹಳೇದು ಹೋಗಿ ಹೊಸದು ಬರುತ್ತೆ. ಈ ಪರೀಕ್ಷೆಗೆ ಸಾಮಾನ್ಯವಾಗಿ 30ರಿಂದ 50 ಮಿ.ಲೀ. ತೆಗೀತಾರೆ, ಅದು ಒಂದೂವರೆಯಿಂದ ಎರಡೂವರೆ ಗಂಟೆಯ ಉತ್ಪಾದನೆ ಅಷ್ಟೆ. ಹಳೆಯ ದ್ರವ ನೆತ್ತಿಯ ಕೆಳಗಿನ ದೊಡ್ಡ ಅಭಿಧಮನಿಯ ದಾರಿಗೆ ಸೋಸಿಕೊಂಡು ರಕ್ತಕ್ಕೆ ವಾಪಸ್ ಸೇರುತ್ತೆ.

ಇನ್ನು ಯಾಕಿದೆ ಅನ್ನೋದು. ದೊಡ್ಡವರ ಮೆದುಳು ಸುಮಾರು 1,300ರಿಂದ 1,400 ಗ್ರಾಂ. ಹಸಿ ಮೆದುಳು ತೀರಾ ಮೆತ್ತಗೆ, ಮೇಜಿನ ಮೇಲಿಟ್ರೆ ತನ್ನ ಭಾರಕ್ಕೆ ತಾನೇ ಚಪ್ಪಟೆಯಾಗುತ್ತೆ. ನಾವು ಕೊಯ್ಯೋದು ಫಾರ್ಮಲಿನ್‌ನಲ್ಲಿಟ್ಟು ಗಟ್ಟಿ ಮಾಡಿದ್ದನ್ನ. ದ್ರವದಲ್ಲಿ ತೇಲೋದರಿಂದ ಅದೇ ಮೆದುಳಿನ ಭಾರ ತಲೆಬುರುಡೆಯ ತಳಕ್ಕೆ ಬೀಳೋದು ಬರೀ 50 ಗ್ರಾಂನಷ್ಟು. ಈ ದ್ರವ ಇಲ್ಲದಿದ್ರೆ ಕೆಳಭಾಗದ ನರಗಳು, ರಕ್ತನಾಳಗಳು ಮೆದುಳಿನ ಭಾರಕ್ಕೇ ಜಜ್ಜಿಹೋಗ್ತಿದ್ವು.

ಅಮ್ಮನಿಗೆ ಇರಬಹುದು ಅಂತ ಡಾಕ್ಟರು ನೋಡ್ತಿರೋದು, ನೀವು ಬರೆದಿದ್ದು ನೋಡಿದ್ರೆ, ಕೋಣೆಗಳು ಹಿಗ್ಗಿದ್ರೂ ಒತ್ತಡ ಹೆಚ್ಚಿಲ್ಲದ ಒಂದು ಸ್ಥಿತಿ. 1965ರಲ್ಲಿ ಕೊಲಂಬಿಯಾದ ಸಾಲೋಮೋನ್ ಹಕೀಮ್ ಮತ್ತು ಜೊತೆಗಾರರು ಅದನ್ನ ವಿವರಿಸಿದ್ರು. ನಡಿಗೆ ಕೆಡೋದು, ಮರೆವು, ಮೂತ್ರ ತಡೆಯೋಕೆ ಆಗದಿರೋದು, ಈ ಮೂರೂ ಒಟ್ಟಿಗೆ ಬರೋದು ಅದರ ಗುರುತು. ದ್ರವ ತೆಗೆದ ಮೇಲೆ ನಡಿಗೆ ಸುಧಾರಿಸಿದ್ರೆ, ಕೋಣೆಯಿಂದ ಹೊಟ್ಟೆಯೊಳಕ್ಕೆ ಚರ್ಮದ ಕೆಳಗೇ ಒಂದು ಸಣ್ಣ ಕೊಳವೆ ಇಡೋ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನ ಆಗಬಹುದು ಅಂತ ಗೊತ್ತಾಗುತ್ತೆ. ಮರೆವಿನ ಎಷ್ಟೋ ಕಾಯಿಲೆಗಳಲ್ಲಿ ಸುಧಾರಿಸಬಹುದಾದ ಕೆಲವೇ ಕಾಯಿಲೆಗಳಲ್ಲಿ ಇದೂ ಒಂದು. ಅದಕ್ಕೇ ದಯವಿಟ್ಟು ಹೆದರಿ ಪರೀಕ್ಷೆ ತಪ್ಪಿಸಬೇಡಿ ಅಂತ ಕೇಳ್ಕೋತೀನಿ.

ರಾಜಾಜಿನಗರ ರವಿ

ಎಲ್ಲರೂ ಸುರಕ್ಷಿತ ಸುರಕ್ಷಿತ ಅಂತ ಬರೀತಿದ್ದೀರಿ, ಅದಕ್ಕೇ ಹೇಳ್ತಿದ್ದೀನಿ. ನಮ್ಮ ದೊಡ್ಡಪ್ಪನಿಗೆ ಸೊಂಟಕ್ಕೆ ಸೂಜಿ ಹಾಕಿದ ಮಾರನೇ ದಿನ ಎರಡೂ ಕಾಲಲ್ಲಿ ಶಕ್ತಿ ಹೋಯ್ತು. ಹೃದಯದ ಮಾತ್ರೆ ತಗೋತಿದ್ರು, ಯಾರೂ ಕೇಳ್ಲಿಲ್ಲ, ನಮಗೂ ಹೇಳಬೇಕು ಅಂತ ಗೊತ್ತಿರಲಿಲ್ಲ. ರಾತ್ರಿಯೆಲ್ಲಾ ಮರಗಟ್ಟಿದ್ದು ಇಳಿಯುತ್ತೆ ಅಂತ ಕಾದ್ವಿ. ಅಲ್ಲಿ ಹುರಿಯೇ ಇಲ್ಲ ಅಂದ್ರೆ ಅದು ಹೇಗಾಯ್ತು?

ಓಟಿ ಸಿಸ್ಟರ್

ರವಿ ಅವರೇ, ಕೇಳಿ ಸಂಕಟ ಆಯ್ತು. ನಿಮ್ಮ ದೊಡ್ಡಪ್ಪನಿಗೆ ಏನಾಯ್ತು ಅಂತ ದೂರದಿಂದ ಹೇಳೋಕೆ ನನಗಾಗಲ್ಲ. ಆದ್ರೆ ಹೀಗೆ ಆಗೋ ದಾರಿ ಒಂದಿದೆ. ಡ್ಯೂರಾ ಹೊದಿಕೆಗೂ ಮೂಳೆಗೂ ನಡುವೆ ಸ್ವಲ್ಪ ಜಾಗ ಇದೆ, ಅಲ್ಲಿ ಕೊಬ್ಬು ಮತ್ತು ಸಣ್ಣ ಅಭಿಧಮನಿಗಳ ಜಾಲ ಇರುತ್ತೆ. ಸೂಜಿ ಹೋಗುವಾಗ ಅದರಲ್ಲೊಂದು ಒಡೆದು ಸ್ವಲ್ಪ ರಕ್ತ ಬರಬಹುದು. ಸಾಮಾನ್ಯವಾಗಿ ಅದು ತಾನೇ ಹೆಪ್ಪುಗಟ್ಟಿ ನಿಲ್ಲುತ್ತೆ. ರಕ್ತ ತೆಳು ಮಾಡೋ ಮಾತ್ರೆ ತಗೋಳೋರಲ್ಲಿ ನಿಲ್ಲದೆ ಹೋಗಬಹುದು. ಸುತ್ತ ಮೂಳೆ, ರಕ್ತಕ್ಕೆ ಹೊರಗೆ ಹೋಗೋಕೆ ಜಾಗ ಇಲ್ಲ, ಆಗ ಅದು ಕುದುರೆಬಾಲದ ನರಗಳನ್ನ, ಮೇಲಕ್ಕೇರಿದ್ರೆ ಹುರಿಯನ್ನೂ ಒತ್ತುತ್ತೆ. ಅಪರೂಪ, ಆದ್ರೆ ಆಗುತ್ತೆ. ನಾನು ಮಾತ್ರೆ ಚೀಟಿ ತೋರಿಸಿ ಅಂತ ಹೇಳಿದ್ದು ಇದಕ್ಕೇ.

ಸುಮಾ ಅವರೇ, ಇದನ್ನೂ ಬರೆದಿಟ್ಕೊಳ್ಳಿ. ಪರೀಕ್ಷೆ ಆದ್ಮೇಲೆ ಕಾಲಲ್ಲಿ ಶಕ್ತಿ ಕಡಿಮೆ ಆಗ್ತಾ ಹೋದ್ರೆ, ತೊಡೆ ಸಂದು ಮರಗಟ್ಟಿದ್ರೆ, ಮೂತ್ರ ಕಟ್ಟಿದ್ರೆ, ಸಹಿಸೋಕಾಗದ ಬೆನ್ನುನೋವು ಬಂದ್ರೆ ಬೆಳಗಾಗಲಿ ಅಂತ ಕಾಯಬೇಡಿ. ಆ ಹೊತ್ತಲ್ಲಿ ಗಂಟೆಗಳೇ ಲೆಕ್ಕ. ಜ್ವರ, ಕತ್ತು ಬಿಗಿಯೋದು ಬಂದ್ರೂ ಹಾಗೆಯೇ ಹೋಗಿ.

ಇನ್ನೊಂದು. ತಲೆಯೊಳಗೆ ಗಡ್ಡೆ ಇದ್ದು ಒತ್ತಡ ಹೆಚ್ಚಿದ್ರೆ ಕೆಳಗಿಂದ ದ್ರವ ತೆಗೆಯೋದು ಅಪಾಯ. ಕೆಳಗೆ ಒತ್ತಡ ಇಳಿದಾಗ ಮೇಲಿನಿಂದ ಮೆದುಳು ತಲೆಬುರುಡೆಯ ತಳದ ದೊಡ್ಡ ರಂಧ್ರದ ಕಡೆ ಜಾರಿ, ಉಸಿರಾಟ ನಡೆಸೋ ಭಾಗ ಅಲ್ಲಿ ಸಿಕ್ಕಿಕೊಳ್ಳಬಹುದು. ಹಾಗಾಗಿಯೇ ಅನುಮಾನ ಇರೋರಿಗೆ ಮೊದಲು ಸಿಟಿ ಅಥವಾ ಎಂಆರ್‌ಐ. ನಿಮ್ಮಮ್ಮನಿಗೆ ಅದು ಆಗಿದೆ.

ರಾಜಾಜಿನಗರ ರವಿ

ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ ಸಿಸ್ಟರ್. ಧನ್ಯವಾದ. ಸುಮಾ ಅವರೇ, ಬೇಡ ಅಂತ ಹೇಳೋಕೆ ಬಂದಿದ್ದೆ, ಹೇಳಲ್ಲ. ಮಾತ್ರೆ ವಿಷಯ ಮಾತ್ರ ಮರೀಬೇಡಿ.

ಕನಕಪುರ ರಸ್ತೆ ಕಿರಣ್

ಮಧ್ಯೆ ಬಾಯಿ ಹಾಕ್ತಿದ್ದೀನಿ. ನಾವು ಮೆದುಳಿನ 10 ಪರ್ಸೆಂಟ್ ಮಾತ್ರ ಬಳಸ್ತೀವಿ ಅಂತ ವಾಟ್ಸಾಪ್‌ನಲ್ಲಿ ಬರ್ತಾ ಇರುತ್ತಲ್ಲ, ಹಾಗಿದ್ರೆ ಸ್ವಲ್ಪ ಭಾಗ ಹಾಳಾದ್ರೆ ಏನೂ ಆಗಬಾರದಲ್ವಾ?

ಚಾಮರಾಜಪೇಟೆ ಮೇಷ್ಟ್ರು

ಸುಳ್ಳು ಮಾತು. ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮೆದುಳು ವಿಶ್ರಾಂತಿಯಲ್ಲಿಯೂ ದೇಹದ ಆಮ್ಲಜನಕದಲ್ಲಿ ಸುಮಾರು ಶೇ. 20ರಷ್ಟನ್ನು ಬಳಸುತ್ತದೆ. ಸುಮ್ಮನೆ ಬಿದ್ದಿರುವ ಅಂಗಾಂಶಕ್ಕೆ ದೇಹ ಇಷ್ಟು ಖರ್ಚು ಮಾಡುವುದಿಲ್ಲ. 1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ ಮಾತು ನಿಂತುಹೋಗಿದ್ದ ರೋಗಿಯೊಬ್ಬನ ಮೆದುಳನ್ನು ಸಾವಿನ ನಂತರ ಪರೀಕ್ಷಿಸಿದ. ಎಡ ಮುಂಭಾಗದ ಒಂದು ಪ್ರದೇಶ ಹಾಳಾಗಿತ್ತು. ಆ ರೋಗಿಗೆ ಬೇರೆಯವರ ಮಾತು ಅರ್ಥವಾಗುತ್ತಿತ್ತು, ತಾನು ಆಡಲು ಆಗುತ್ತಿರಲಿಲ್ಲ. 1874ರಲ್ಲಿ ಕಾರ್ಲ್ ವೆರ್ನಿಕೆ ಇದಕ್ಕೆ ವಿರುದ್ಧವಾದುದನ್ನು ತೋರಿಸಿದ: ಎಡ ಕಿವಿಯ ನೇರಕ್ಕಿರುವ ಮೆದುಳಿನ ಭಾಗದ ಹಿಂಬದಿ ಕೆಟ್ಟವರು ಸರಾಗವಾಗಿ ಮಾತಾಡುತ್ತಾರೆ, ಮಾತಿಗೆ ಅರ್ಥವಿರುವುದಿಲ್ಲ. ಕೆಲವು ಸೆಂ.ಮೀ. ಜಾಗ ಕೆಟ್ಟರೆ ಇಷ್ಟಾಗುತ್ತದೆ.

ಅನಾಟಮಿ ಹುಚ್ಚು

ಎಣಿಕೆ ಹಾಕಿದವರೂ ಇದ್ದಾರೆ. 2009ರ ಒಂದು ಅಧ್ಯಯನದ ಪ್ರಕಾರ ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳು. ಅದರಲ್ಲಿ ಸುಮಾರು 6,900 ಕೋಟಿ ಇರೋದು ಹಿಂದೆ ಕೆಳಗೆ ಕೂತಿರೋ ಕಿರುಮೆದುಳಿನಲ್ಲಿ! ಗಾತ್ರದಲ್ಲಿ ಅದು ಹತ್ತರಲ್ಲಿ ಒಂದು ಪಾಲು. ನೀವು ಕಪ್ ಹಿಡಿದು ಕಾಫಿ ಚೆಲ್ಲದೆ ಬಾಯಿಗೆ ತರೋದು, ಮೆಟ್ರೋ ಅಲುಗಾಡಿದಾಗ ನಿಂತಲ್ಲೇ ಸರಿ ಹೋಗೋದು ಅದರ ಲೆಕ್ಕಾಚಾರದಿಂದ.

ಗಿರಿನಗರದ ಸುಮಾ

ಇನ್ನೊಂದು ಕೇಳ್ತೀನಿ. ನಮ್ಮ ಚಿಕ್ಕಪ್ಪನಿಗೆ ಪಾರ್ಶ್ವವಾಯು ಆದಾಗ ಎಡಗಡೆ ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದ್ರು, ಹೋಗಿದ್ದು ಬಲಗೈ ಬಲಗಾಲು. ದಾರಿ ಎಲ್ಲಿ ಬದಲಾಗುತ್ತೆ?

ಅನಾಟಮಿ ಹುಚ್ಚು

ಮೆದುಳುಕಾಂಡದ ತೀರಾ ಕೆಳಗೆ, ಮೆಡುಲ್ಲಾ ಅನ್ನೋ ಅದರ ಕೊನೆಯ ಭಾಗ ಮುಗಿದು ಬೆನ್ನುಹುರಿ ಶುರುವಾಗೋ ಗಡಿಯಲ್ಲಿ. ಕೈಕಾಲು ಆಡಿಸೋ ಅಪ್ಪಣೆ ಹೊತ್ತ ತಂತುಗಳಲ್ಲಿ ಶೇ. 85ರಿಂದ 90ರಷ್ಟು ಅಲ್ಲಿ ಒಂದನ್ನೊಂದು ದಾಟಿ ಎದುರು ಪಕ್ಕಕ್ಕೆ ಹೋಗುತ್ತವೆ. ಮಾದರಿಯಲ್ಲಿ ಮುಂಭಾಗದ ಸೀಳನ್ನ ಬೆರಳಲ್ಲಿ ಸ್ವಲ್ಪ ಬಿಡಿಸಿದ್ರೆ ಆ ದಾಟು ಬರಿಗಣ್ಣಿಗೆ ಕಾಣುತ್ತೆ. ಮೊದಲ ಸಲ ನೋಡಿದಾಗ ಮೈ ಜುಮ್ಮೆಂದಿತ್ತು ನನಗೆ.

ಮೇಲಕ್ಕೆ ಹೋಗೋ ಸುದ್ದಿಗಳು ಇನ್ನೂ ವಿಚಿತ್ರ. ನೋವು, ಬಿಸಿ ತಣ್ಣಗೆ ತರೋ ತಂತುಗಳು ಬೆನ್ನುಹುರಿಗೆ ಬಂದ ಸ್ವಲ್ಪದರಲ್ಲೇ ಎದುರು ಬದಿಗೆ ದಾಟುತ್ತವೆ. ಸೂಕ್ಷ್ಮ ಸ್ಪರ್ಶ, ಕಾಲು ಎಲ್ಲಿದೆ ಅನ್ನೋ ಅರಿವು ತರೋ ತಂತುಗಳು ಬಂದ ಬದಿಯಲ್ಲೇ ಮೆಡುಲ್ಲಾದ ತನಕ ಏರಿ ಅಲ್ಲಿ ದಾಟುತ್ತವೆ. ಹಾಗಾಗಿ ಹುರಿಯ ಬಲ ಅರ್ಧ ಮಾತ್ರ ಕತ್ತರಿಸಿದ್ರೆ, ಅದರ ಕೆಳಗೆ ಬಲಗಾಲಲ್ಲಿ ಶಕ್ತಿ ಮತ್ತು ಸ್ಥಾನದ ಅರಿವು ಹೋಗುತ್ತೆ, ನೋವು ತಿಳಿಯದಿರೋದು ಎಡಗಾಲಿಗೆ. 19ನೇ ಶತಮಾನದ ನಡುವಿನಲ್ಲಿ ಬ್ರೌನ್-ಸೆಕಾರ್ ಇದನ್ನ ಬಿಡಿಸಿ ತೋರಿಸಿದ, ಈಗಲೂ ಅವನ ಹೆಸರಲ್ಲೇ ಕರೀತೀವಿ.

ಒಂದು ವ್ಯತ್ಯಾಸ ನೆನಪಿಟ್ಕೊಳ್ಳಿ, ಪರೀಕ್ಷೆಯಲ್ಲೂ ಬರುತ್ತೆ. ಮೆದುಳನ್ನ ಅಡ್ಡ ಕೊಯ್ದರೆ ನರಕೋಶಗಳಿರೋ ಬೂದು ಭಾಗ ಹೊರ ಅಂಚಿನಲ್ಲಿ, ತಂತುಗಳ ಬಿಳಿ ಭಾಗ ಒಳಗೆ. ಬೆನ್ನುಹುರಿಯಲ್ಲಿ ತಿರುಗುಮುರುಗು, ಬೂದು ಒಳಗೆ ಎಚ್ ಅಕ್ಷರದ ಆಕಾರದಲ್ಲಿ, ಬಿಳಿ ಸುತ್ತಲೂ.

ಹನುಮಂತನಗರ ಅಜ್ಜಿ

ನನ್ನ ಮೊಮ್ಮಗಳು ಒಂಬತ್ತನೇ ತರಗತಿ. ಇದೆಲ್ಲಾ ಕಣ್ಣಾರೆ ನೋಡಬೇಕು ಅಂತ ಹಠ ಹಿಡಿದಿದ್ದಾಳೆ. ಸಾಮಾನ್ಯ ಜನ ನೋಡಕ್ಕಾಗುತ್ತಾ?

ಚಾಮರಾಜಪೇಟೆ ಮೇಷ್ಟ್ರು

ಖಂಡಿತ ಆಗುತ್ತದೆ ಅಮ್ಮ, ಅದೂ ನಮ್ಮ ಬೆಂಗಳೂರಿನಲ್ಲೇ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮೆದುಳಿನ ಸಂಗ್ರಹಾಲಯವಿದೆ. ನರರೋಗಶಾಸ್ತ್ರಜ್ಞ ಡಾ. ಎಸ್.ಕೆ. ಶಂಕರ್ ಮತ್ತು ಅವರ ವಿಭಾಗದವರು ದಶಕಗಳ ಕಾಲ ಶವಪರೀಕ್ಷೆಗಳಿಂದ, ಮನೆಯವರ ಒಪ್ಪಿಗೆಯಿಂದ ಕೂಡಿಸಿದ ಸಂಗ್ರಹ. ಪಾರ್ಶ್ವವಾಯು, ಗಡ್ಡೆ, ಸೋಂಕು, ತಲೆಪೆಟ್ಟು, ಲಾಡಿಹುಳು ಮೆದುಳಿಗೆ ಸೇರಿದ್ದು, ಇವೆಲ್ಲ ಮೆದುಳನ್ನು ಏನು ಮಾಡುತ್ತವೆ ಎನ್ನುವುದನ್ನು ಅಲ್ಲಿ ನೇರವಾಗಿ ನೋಡಬಹುದು. ಕೈಗವಸು ಹಾಕಿಸಿ ನಿಜವಾದ ಮನುಷ್ಯನ ಮೆದುಳನ್ನು ಕೈಗೆ ಕೊಡುತ್ತಾರೆ. ನಾನು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗ, ತರಗತಿಯಲ್ಲಿ ಅತಿ ಗಲಾಟೆ ಮಾಡುವ ಹುಡುಗನೂ ಎರಡೂ ಕೈ ಜೋಡಿಸಿ ಹಿಡಿದುಕೊಂಡ. ಯಾವ ದಿನ, ಯಾವ ಹೊತ್ತು ಎಂದು ಫೋನ್ ಮಾಡಿ ಕೇಳಿಕೊಂಡೇ ಹೋಗಿ.

ಅಲ್ಲಿಯೇ ಮೆದುಳು ದಾನ ಪಡೆಯುವ ಅಂಗಾಂಶ ಸಂಗ್ರಹ ಕೇಂದ್ರವೂ ಇದೆ. ಕಣ್ಣುದಾನದ ಬಗ್ಗೆ ನಮ್ಮ ಜನ ಮುಂದೆ ಬಂದಿದ್ದಾರೆ, ಮೆದುಳು ದಾನದ ಮಾತು ಕೇಳಿದವರೇ ಕಡಿಮೆ. ಮರೆವಿನ ರೋಗ, ಪಾರ್ಕಿನ್‌ಸನ್ ಇಂಥವನ್ನು ಇಲಿಯ ಮೆದುಳಿನಿಂದ ಪೂರ್ತಿ ಅರಿಯಲು ಆಗುವುದಿಲ್ಲ, ಮನುಷ್ಯನದೇ ಬೇಕು. ಈ ಬಗ್ಗೆ ಮನೆಗಳಲ್ಲಿ ಮಾತಾಗಬೇಕು ಎನ್ನುವುದು ನನ್ನ ಬಹುದಿನದ ಆಸೆ.

ಫಿಸಿಯೋ ವಿಜಯನಗರ

ಮೆದುಳಿನ ಮಾತು ಆಯ್ತು, ಹುರಿಗೆ ಪೆಟ್ಟು ಬಿದ್ದವರ ಜೊತೆ ಕೆಲಸ ಮಾಡೋ ನಾನು ಸ್ವಲ್ಪ ಸೇರಿಸ್ತೀನಿ. ಬೆನ್ನುಹುರಿಯಲ್ಲಿ ಎಲ್ಲವೂ ಯಾವ ಮಟ್ಟ ಅನ್ನೋದರ ಮೇಲೆ ನಿಂತಿದೆ. ಕತ್ತಿನ ಮೂರು, ನಾಲ್ಕು, ಐದನೇ ನರಗಳು ಸೇರಿ ಎದೆಗೂ ಹೊಟ್ಟೆಗೂ ನಡುವಿನ ವಪೆ ಅನ್ನೋ ಸ್ನಾಯುವನ್ನ ಆಡಿಸುತ್ತವೆ, ಅಂದ್ರೆ ಉಸಿರು. ಅದಕ್ಕೂ ಮೇಲೆ ಹುರಿ ತುಂಡಾದ್ರೆ ಯಂತ್ರ ಇಲ್ಲದೆ ಉಸಿರಿಲ್ಲ. ಐದನೆಯದು ಉಳಿದಿದ್ರೆ ಭುಜ ಎತ್ತಿ ಮೊಣಕೈ ಮಡಚಬಹುದು. ಆರನೆಯದು ಉಳಿದ್ರೆ ಮಣಿಕಟ್ಟು ಮೇಲೆತ್ತಬಹುದು. ಏಳನೆಯದು ಉಳಿದ್ರೆ ಮೊಣಕೈ ನೀಡಬಹುದು, ಹಾಸಿಗೆಯಿಂದ ಗಾಲಿಕುರ್ಚಿಗೆ ಕೈಯೂರಿ ತಾನೇ ದಾಟಬಹುದು. ಒಂದೇ ಒಂದು ಮಟ್ಟ, ಒಬ್ಬ ಮನುಷ್ಯ ಜೀವನವಿಡೀ ಇನ್ನೊಬ್ಬರ ಕೈ ಕಾಯೋದು ಅಥವಾ ತಾನೇ ಎದ್ದು ಕೂರೋದು ಅದರ ಮೇಲೆ ತೀರ್ಮಾನ ಆಗುತ್ತೆ. ಎದೆಭಾಗದ ಹತ್ತನೇ ನರ ಹೊಕ್ಕುಳಿನ ಮಟ್ಟ. ಸೊಂಟದ ಮೂರು, ನಾಲ್ಕನೆಯವು ಮಂಡಿ ನೀಡಿಸುತ್ತವೆ. ಡಾಕ್ಟರು ಮಂಡಿ ಕೆಳಗೆ ಸುತ್ತಿಗೆಯಲ್ಲಿ ತಟ್ಟಿದಾಗ ಕಾಲು ಹಾರುತ್ತಲ್ಲ, ಅದು ಈ ಮಟ್ಟದ ಪರೀಕ್ಷೆ. ಆ ಜಿಗಿತಕ್ಕೆ ಮೆದುಳಿನ ಅಪ್ಪಣೆ ಬೇಕಿಲ್ಲ, ಹುರಿಯೇ ಉತ್ತರ ಕೊಡುತ್ತೆ. ತ್ರಿಕಾಸ್ಥಿಯ ಎರಡರಿಂದ ನಾಲ್ಕನೇ ನರಗಳು ಮೂತ್ರ, ಮಲದ ಹಿಡಿತ ನೋಡ್ಕೊಳ್ಳುತ್ತವೆ.

ಮೇಷ್ಟ್ರು ಹೇಳಿದ ಹಾಗೆ ಹುರಿ ಮೇಲೇ ಮುಗಿಯೋದರಿಂದ ಕಾಲಿನ, ಮೂತ್ರದ ಕೇಂದ್ರಗಳೆಲ್ಲಾ ಎದೆಭಾಗದ ಕೊನೆಯ ಮೂಳೆಗಳು ಮತ್ತು ಸೊಂಟದ ಮೊದಲ ಮೂಳೆ, ಇಷ್ಟರೊಳಗೇ ಒತ್ತಾಗಿ ಕೂತಿವೆ. ಕಟ್ಟಡದ ಸಾರ್ವೆಯಿಂದ, ತೆಂಗಿನ ಮರದಿಂದ ಬಿದ್ದವರಿಗೆ ಮುರಿಯೋದು ಹೆಚ್ಚಾಗಿ ಇದೇ ಜಾಗ. ನಗರದ ಎಷ್ಟೋ ಕಟ್ಟಡಗಳಲ್ಲಿ ಸೊಂಟಕ್ಕೆ ಬೆಲ್ಟ್ ಇಲ್ಲದೆ ಹುಡುಗರು ಮೇಲೆ ನಿಂತಿರೋದು ನೋಡಿದಾಗ ನನಗೆ ಎದೆ ಹೊಡ್ಕೊಳ್ಳುತ್ತೆ. ಗುತ್ತಿಗೆದಾರರು ಯಾರಾದ್ರೂ ಇದನ್ನ ಓದ್ತಿದ್ರೆ ದಯವಿಟ್ಟು ಬೆಲ್ಟ್ ಕೊಡಿಸಿ.

ಡಿಸ್ಕ್ ಜಾರಿದೆ ಅಂತ ಬೆನ್ನುನೋವಿರೋರಿಗೂ ಒಂದು ಮಾತು. ನೋವು, ಕಾಲಿಗೆ ಹರಿಯೋ ಎಳೆತ ಬಹುತೇಕ ವಿಶ್ರಾಂತಿ ವ್ಯಾಯಾಮದಲ್ಲಿ ಸರಿಹೋಗುತ್ತೆ. ಆದ್ರೆ ಕೂತಾಗ ನೆಲಕ್ಕೆ ತಾಗೋ ಭಾಗ ಮರಗಟ್ಟಿದ್ರೆ, ಮೂತ್ರ ಬರದೆ ನಿಂತ್ರೆ ಅಥವಾ ಅರಿವಿಲ್ಲದೆ ಹೋದ್ರೆ, ಕುದುರೆಬಾಲದ ನರಗಳು ಒತ್ತಿಕೊಂಡಿವೆ ಅಂತ ಅರ್ಥ. ಎಣ್ಣೆ ತಿಕ್ಕಿಸೋಕೆ ಹೋಗಬೇಡಿ, ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಿ.

ಆಟೋ ಮಂಜಣ್ಣ, ಯಶವಂತಪುರ

ನಾನು ಆಟೋ ಓಡಿಸೋನು. ರಾತ್ರಿ ಹೊತ್ತು ರೋಡಲ್ಲಿ ಬೈಕಿಂದ ಬಿದ್ದೋರನ್ನ ನೋಡಿದ್ರೆ ಬಿಟ್ಟು ಹೋಗೋಕೆ ಮನಸ್ಸು ಬರಲ್ಲ. ಎತ್ತಿ ಆಟೋದಲ್ಲಿ ಕೂರಿಸ್ಕೊಂಡು ಹೋಗಿಬಿಡೋಣ ಅನ್ಸುತ್ತೆ. ನೀವು ಹೇಳ್ತಿರೋದು ನೋಡಿದ್ರೆ ಕತ್ತು ಮುರಿದಿದ್ರೆ ನಮ್ಮಿಂದಲೇ ಹುರಿ ಕಡಿದುಹೋಗುತ್ತಾ?

ಫಿಸಿಯೋ ವಿಜಯನಗರ

ಮಂಜಣ್ಣ, ನೀವು ನಿಲ್ಲಿಸೋದೇ ದೊಡ್ಡ ವಿಷಯ, ಅದನ್ನ ಬಿಡಬೇಡಿ. ಕೇಳ್ತಿರೋ ಪ್ರಶ್ನೆ ನೂರಕ್ಕೆ ನೂರು ಸರಿ. ಮೂಳೆ ಮುರಿದಿದ್ರೂ ಹುರಿ ಇನ್ನೂ ಉಳಿದಿರಬಹುದು. ಕತ್ತಿನಲ್ಲಿ ಹುರಿಯ ದಪ್ಪ ಒಂದೂವರೆ ಸೆಂ.ಮೀ.ಯೊಳಗೆ. ಅಲ್ಲಾಡೋ ಮೂಳೆಯ ಚೂರಿಗೆ ಅದನ್ನ ಹಾಳು ಮಾಡೋಕೆ ಹೆಚ್ಚು ಹೊತ್ತು ಬೇಡ. ಕಂಕುಳಿಗೆ ಕೈ ಹಾಕಿ ಎತ್ತಿದಾಗ ತಲೆ ಹಿಂದಕ್ಕೋ ಮುಂದಕ್ಕೋ ವಾಲುತ್ತೆ, ಆಟೋದಲ್ಲಿ ಕೂರಿಸಿದ್ರೆ ಪ್ರತಿ ಗುಂಡಿಗೂ ಕತ್ತು ಅಲುಗುತ್ತೆ.

ಮೊದಲು 108ಕ್ಕೆ ಫೋನ್. ನಿಮ್ಮ ಆಟೋನ ಇಂಡಿಕೇಟರ್ ಹಾಕಿ ಹಿಂದೆ ಅಡ್ಡ ನಿಲ್ಲಿಸಿ, ಬರೋ ಗಾಡಿಗಳಿಂದ ರಕ್ಷಣೆ ಆಗಲಿ. ಅವರ ತಲೆ ಕಡೆ ಮಂಡಿಯೂರಿ ಕೂತು, ಎರಡೂ ಅಂಗೈಯಲ್ಲಿ ತಲೆ ಆಚೀಚೆ ಹೋಗದ ಹಾಗೆ ಹಿಡ್ಕೊಳ್ಳಿ. ಎಳೀಬೇಡಿ, ಹಿಡ್ಕೊಳ್ಳಿ ಅಷ್ಟೆ. ಎದ್ದೇಳಬೇಡಿ, ಅಲ್ಲಾಡಬೇಡಿ ಅಂತ ಮಾತಾಡಿಸ್ತಾ ಇರಿ. ನೀರು ಕುಡಿಸಬೇಡಿ. ವಾಂತಿ ಬಂದ್ರೆ ತಲೆ ಮಾತ್ರ ತಿರುಗಿಸಬೇಡಿ, ಮೂರ್ನಾಲ್ಕು ಜನ ಸೇರಿ ತಲೆ, ಭುಜ, ಸೊಂಟ ಒಟ್ಟಿಗೆ ಒಂದೇ ಸಲಕ್ಕೆ ಮಗ್ಗುಲಿಗೆ ಹೊರಳಿಸಿ. ಬೆಂಕಿ ಹತ್ತಿಕೊಳ್ಳೋ ಅಪಾಯ ಇದ್ರೆ, ಉಸಿರೇ ನಿಂತಿದ್ರೆ ಮಾತ್ರ ಜೀವ ಮೊದಲು, ಆಮೇಲೆ ಕತ್ತು.

ಆಟೋ ಮಂಜಣ್ಣ, ಯಶವಂತಪುರ

ಹೆಲ್ಮೆಟ್ ತೆಗೀಬೇಕಾ ಬೇಡ್ವಾ? ಜನ ಮೊದಲು ಅದನ್ನೇ ಎಳೀತಾರೆ.

ಓಟಿ ಸಿಸ್ಟರ್

ಉಸಿರಾಡ್ತಿದ್ರೆ ತೆಗೀಬೇಡಿ ಅಣ್ಣ, ಗಾಜು ಮಾತ್ರ ಮೇಲೆತ್ತಿ. ಉಸಿರು ನಿಂತಿದ್ರೆ, ಬಾಯಲ್ಲಿ ರಕ್ತ ವಾಂತಿ ಕಟ್ಟಿದ್ರೆ ತೆಗೀಲೇಬೇಕು, ಅದೂ ಇಬ್ಬರು ಸೇರಿ. ಒಬ್ಬರು ಕೆಳಗಿಂದ ಕೈ ಹಾಕಿ ದವಡೆ ಮತ್ತು ಕತ್ತಿನ ಹಿಂಭಾಗ ಅಲ್ಲಾಡದ ಹಾಗೆ ಹಿಡ್ಕೋಬೇಕು. ಇನ್ನೊಬ್ಬರು ಪಟ್ಟಿ ಬಿಚ್ಚಿ, ಹೆಲ್ಮೆಟ್‌ನ ಎರಡೂ ಅಂಚು ಅಗಲಿಸಿ, ನಿಧಾನಕ್ಕೆ ನೇರವಾಗಿ ಹೊರಗೆ ತಗೀಬೇಕು. ಹೆಲ್ಮೆಟ್ ಬಂದಮೇಲೂ ಕತ್ತು ಹಿಡಿದವರು ಆಂಬುಲೆನ್ಸ್‌ನವರು ಕತ್ತುಪಟ್ಟಿ ಹಾಕೋ ತನಕ ಕೈ ಬಿಡಬಾರದು.